ರೈತರ ಮನೆಯಲ್ಲಿ ಫ್ರಿಜ್: ಬಳಕೆ ಮತ್ತು ಪಾಲನೆ

ಒಂದು ಕಾಲದಲ್ಲಿ ಪಟ್ಟಣದ ಕೆಲವೇ ಅನುಕೂಲಸ್ಥರ ಮನೆಗಳಲ್ಲಿ ಕಾಣುತ್ತಿದ್ದ ಫ್ರಿಜ್ ಈಗ ಹಳ್ಳಿಯ ಮನೆಗಳಲ್ಲಿಯೂ ತೋಟದ ಮನೆಗಳಲ್ಲಿಯೂ ಸಾಮಾನ್ಯ ವಸ್ತುವಾಗಿದೆ. ಹಾಲು, ಮೊಸರು, ದೋಸೆ ಹಿಟ್ಟು, ತರಕಾರಿಗಳಲ್ಲದೆ ಸಕ್ಕರೆ ಕಾಯಿಲೆಯವರ ಇನ್ಸುಲಿನ್, ಕೋಳಿಗಳ ಲಸಿಕೆ ಮುಂತಾದುವನ್ನೂ ಅದರಲ್ಲಿಯೇ ಇಡುತ್ತೇವೆ. ಟ್ರ್ಯಾಕ್ಟರಿಗೆ, ಪಂಪ್‌ಸೆಟ್ಟಿಗೆ ಹೊತ್ತು ಹೊತ್ತಿಗೆ ಗಮನ ಕೊಡುವ ನಾವು ಹಗಲಿರುಳೂ ದುಡಿಯುವ ಈ ಯಂತ್ರವನ್ನು ಮಾತ್ರ ಅದು ಕೆಟ್ಟು ನಿಲ್ಲುವವರೆಗೆ ತಿರುಗಿ ನೋಡುವುದಿಲ್ಲ. ಇದರಿಂದ ವಿದ್ಯುತ್ ಬಿಲ್ಲು ಏರುವುದಷ್ಟೇ ಅಲ್ಲ, ಸಾಕಷ್ಟು ತಂಪಿಲ್ಲದ ಫ್ರಿಜ್ಜಿನಲ್ಲಿಟ್ಟ ಆಹಾರದಿಂದ ಮನೆಮಂದಿ ಕಾಯಿಲೆ ಬೀಳುವುದೂ, ಅರ್ಥಿಂಗ್ ಇಲ್ಲದ ಫ್ರಿಜ್ ಮುಟ್ಟಿ ವಿದ್ಯುತ್ ತಗಲುವುದೂ ಉಂಟು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳನ್ನು ಗಮನದಲ್ಲಿಟ್ಟು ಈ ಲೇಖನ ಬರೆಯಲಾಗಿದೆ. 1997ರಲ್ಲಿ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಆನಂತರ ಹೊನ್ನಾಳಿಯಿಂದ ಬೇರ್ಪಟ್ಟ ತಾಲ್ಲೂಕು. ಒಂದೇ ಜಿಲ್ಲೆಯಾದರೂ ಇವುಗಳ ಹವೆ ಒಂದೇ ಅಲ್ಲ. ಚನ್ನಗಿರಿಯಲ್ಲಿ ಅಡಿಕೆ ತೋಟಗಳು. ಹೊನ್ನಾಳಿಯಲ್ಲಿ ತುಂಗಭದ್ರೆ ಮತ್ತು ಭದ್ರಾ ಕಾಲುವೆಯ ಭತ್ತದ ಗದ್ದೆಗಳು. ನ್ಯಾಮತಿಯಲ್ಲಿ ಮೆಕ್ಕೆಜೋಳದ ಹೊಲಗಳು. ಜಗಳೂರಿನಲ್ಲಿ ಮಳೆ ಕಡಿಮೆ, ಬಿಸಿಲು, ಧೂಳು ಹೆಚ್ಚು. ಆದುದರಿಂದ ಫ್ರಿಜ್ಜಿನ ಪಾಲನೆಯೂ ಊರಿಗೆ ತಕ್ಕಂತೆ ಸ್ವಲ್ಪ ಬದಲಾಗಬೇಕು.

ಫ್ರಿಜ್ ಕೆಲಸ ಮಾಡುವ ಬಗೆ

ಫ್ರಿಜ್ ತಂಪನ್ನು ತಯಾರಿಸುತ್ತದೆ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅದು ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ. ಪಂಪು ಬಾವಿಯ ನೀರನ್ನು ಎತ್ತಿ ಹೊರಗೆ ಸುರಿಯುವಂತೆಯೇ ಇದು. ಮುಚ್ಚಿದ ಕೊಳವೆಗಳಲ್ಲಿ ಒಂದು ಅನಿಲ ಸುತ್ತುತ್ತಿರುತ್ತದೆ. ಮೇಲಿನ ಹಿಮದ ಪೆಟ್ಟಿಗೆಯ ಸುತ್ತಲಿನ ಕೊಳವೆಯಲ್ಲಿ ಅದು ದ್ರವದಿಂದ ಆವಿಯಾಗುವಾಗ ಒಳಗಿನ ಶಾಖವನ್ನು ಹೀರುತ್ತದೆ. ಹಿಂದೆ ಕೆಳಭಾಗದಲ್ಲಿರುವ ಕಂಪ್ರೆಸರ್ ಈ ಆವಿಯನ್ನು ಒತ್ತಿ ಹೊರಗಿನ ಕೊಳವೆಗಳಿಗೆ ತಳ್ಳುತ್ತದೆ. ಅಲ್ಲಿ ಅದು ಶಾಖವನ್ನು ಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ.

ಫ್ರಿಜ್ಜಿನ ಪಾಲನೆಯೆಲ್ಲ ಇದರಿಂದಲೇ ಹೊರಡುತ್ತದೆ. ಶಾಖ ಹೊರಹೋಗಲು ದಾರಿ ಬಿಡಬೇಕು; ಹೊರಗಿನ ಶಾಖ ಒಳನುಗ್ಗದಂತೆ ನೋಡಿಕೊಳ್ಳಬೇಕು. ಹೊರಗಿನ ಕೊಳವೆಗೆ ಧೂಳು ಮೆತ್ತಿದರೆ ಪಂಪಿನ ಡೆಲಿವರಿ ಪೈಪಿನ ಬಾಯಿ ಕಟ್ಟಿದಂತೆ. ಬಾಗಿಲಿನ ರಬ್ಬರು ಸಡಿಲವಾದರೆ ಬದು ಒಡೆದ ಗದ್ದೆಗೆ ನೀರು ಹಾಯಿಸಿದಂತೆ. ಎರಡೂ ಸಂದರ್ಭಗಳಲ್ಲಿ ಯಂತ್ರ ಎಡೆಬಿಡದೆ ಓಡುತ್ತದೆ, ಆದರೆ ಕೆಲಸವಾಗುವುದಿಲ್ಲ.

ಇನ್ನೊಂದು ಮಾತನ್ನೂ ನೆನಪಿಡಬೇಕು. ತಂಪು ರೋಗಾಣುಗಳನ್ನು ಕೊಲ್ಲುವುದಿಲ್ಲ, ಅವು ಬೆಳೆಯುವುದನ್ನು ನಿಧಾನಗೊಳಿಸುತ್ತದೆ ಅಷ್ಟೆ. ಹಳಸಿದ ಪದಾರ್ಥ ಫ್ರಿಜ್ಜಿನಲ್ಲಿಟ್ಟರೆ ಸರಿಹೋಗದು. ಹಾಗೆಯೇ ಫ್ರಿಜ್ಜಿನ ತಣ್ಣೀರು ಶುದ್ಧ ನೀರಲ್ಲ. ಜಗಳೂರಿನ ಕಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ತೊಂದರೆ ಇದೆ. ತಣ್ಣಗಾದ ಮಾತ್ರಕ್ಕೆ ಅದು ಹೋಗುವುದಿಲ್ಲ. ಶುದ್ಧೀಕರಿಸಿದ ನೀರನ್ನೇ ತುಂಬಿಡಬೇಕು.

ಇಡುವ ಸ್ಥಳ

1. ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿಯ ಎದುರು, ಮಧ್ಯಾಹ್ನ ಕಾದ ಕಬ್ಬಿಣದ ತಗಡಿನ ಗೋಡೆಗೆ ಒತ್ತಿ ಫ್ರಿಜ್ ಇಡಬಾರದು.

2. ಹಿಂಭಾಗಕ್ಕೂ ಗೋಡೆಗೂ ನಡುವೆ ಸುಮಾರು ಅರ್ಧ ಅಡಿ ಜಾಗವಿರಲಿ. ಎರಡು ಪಕ್ಕಗಳಲ್ಲೂ ಗಾಳಿಯಾಡುವಂತಿರಲಿ. ಇತ್ತೀಚಿನ ಅನೇಕ ಮಾದರಿಗಳಲ್ಲಿ ಕೊಳವೆಗಳು ಪಕ್ಕದ ತಗಡಿನ ಒಳಗೇ ಇರುತ್ತವೆ. ಇವುಗಳ ಪಕ್ಕ ಮುಟ್ಟಿದರೆ ಬೆಚ್ಚಗಿರುವುದು ದೋಷವಲ್ಲ. ಆದರೆ ಅಲ್ಲಿ ಮೂಟೆ ಒತ್ತಿಡುವುದು, ಬಟ್ಟೆ ಹೊದಿಸುವುದು ತಪ್ಪು.

3. ಚನ್ನಗಿರಿ ಕಡೆ ಅಡಿಕೆ ಸುಗ್ಗಿಯಲ್ಲಿ ಸುಲಿಯುವ, ಬೇಯಿಸುವ ಕೆಲಸ ಮನೆಯಂಗಳದಲ್ಲೇ ನಡೆಯುತ್ತದೆ. ಸಿಪ್ಪೆಯ ನಾರು, ಒಲೆಯ ಹೊಗೆ ಮತ್ತು ಮಸಿ ಕೊಳವೆಗಳಿಗೆ ಅಂಟುತ್ತವೆ. ನ್ಯಾಮತಿ, ಜಗಳೂರುಗಳಲ್ಲಿ ಮೆಕ್ಕೆಜೋಳ ಒಕ್ಕುವಾಗ ಏಳುವ ಹೊಟ್ಟು, ಧೂಳು ಹಾಗೆಯೇ. ಈ ದಿನಗಳಲ್ಲಿ ಫ್ರಿಜ್ಜನ್ನು ಒಳಕೋಣೆಯಲ್ಲಿಡುವುದು ಒಳ್ಳೆಯದು.

4. ಫ್ರಿಜ್ ಅಲುಗಾಡದಂತೆ ಕೆಳಗಿನ ತಿರುಪುಗಳನ್ನು ಸರಿಪಡಿಸಿ. ಮುಂಭಾಗ ಕೂದಲೆಳೆಯಷ್ಟು ಎತ್ತರವಿದ್ದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ.

5. ಸಾಗಿಸುವಾಗ ನಿಲ್ಲಿಸಿಯೇ ಸಾಗಿಸಿ. ಅನಿವಾರ್ಯವಾಗಿ ಮಲಗಿಸಿದ್ದರೆ ನಿಲ್ಲಿಸಿದ ಮೇಲೆ ಕೆಲವು ಗಂಟೆ ಬಿಟ್ಟು ಚಾಲೂ ಮಾಡಬೇಕು. ಕಂಪ್ರೆಸರಿನ ಎಣ್ಣೆ ತನ್ನ ಸ್ಥಾನಕ್ಕೆ ಮರಳಲು ಇಷ್ಟು ಸಮಯ ಬೇಕು.

ವಿದ್ಯುತ್ತು ಮತ್ತು ಅರ್ಥಿಂಗ್

ಮನೆಯ ವಿದ್ಯುತ್ತು 230 ವೋಲ್ಟ್ ಇರಬೇಕು. ಆದರೆ ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲೂ ಆಗುವ ವೇಳೆಯಲ್ಲಿ, ಅದರಲ್ಲಿಯೂ ತೋಟದ ಮನೆಗಳಲ್ಲಿ, ವೋಲ್ಟೇಜ್ ಬಹಳ ಕುಸಿಯುತ್ತದೆ. ಸಿಂಗಲ್ ಫೇಸಿನಲ್ಲಿ ಕಂಡೆನ್ಸರ್ ಹಾಕಿ ಮೂರು ಫೇಸಿನ ಮೋಟಾರು ಓಡಿಸಿದರಂತೂ ಅದೇ ಟ್ರಾನ್ಸ್‌ಫಾರ್ಮರಿನ ಮೇಲಿರುವ ನೆರೆಹೊರೆಯ ಫ್ರಿಜ್ಜುಗಳಿಗೂ ಕೇಡು. ಕಡಿಮೆ ವೋಲ್ಟೇಜಿನಲ್ಲಿ ಕಂಪ್ರೆಸರ್ ಚಾಲೂ ಆಗಲಾರದೆ ಹೆಚ್ಚು ಕರೆಂಟು ಎಳೆದು ಬಿಸಿಯಾಗಿ ಸುರುಳಿ ಸುಟ್ಟುಹೋಗಬಹುದು. ಇಂಥ ಕಡೆ ಫ್ರಿಜ್ಜಿಗೆಂದೇ ತಯಾರಾದ ಸ್ಟೆಬಿಲೈಸರ್ ಹಾಕಿಸಬೇಕು. ಹೊಸ ಮಾದರಿಯಾದರೆ ಅದು ತಾಳಬಲ್ಲ ವೋಲ್ಟೇಜಿನ ಮಿತಿಯನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಕರೆಂಟು ಹೋಗಿ ತಕ್ಷಣ ಬಂದರೆ ಕಂಪ್ರೆಸರಿಗೆ ಪೆಟ್ಟು. ಕೊಳವೆಗಳ ಒಳಗಿನ ಒತ್ತಡ ಸಮನಾಗಲು 3ರಿಂದ 5 ನಿಮಿಷ ಬೇಕು. ಸ್ಟೆಬಿಲೈಸರ್ ಇಲ್ಲದವರು ಕರೆಂಟು ಹೋದೊಡನೆ ಸ್ವಿಚ್ ಆರಿಸಿ, ಬಂದ ಮೇಲೆ 5 ನಿಮಿಷ ಕಾದು ಹಾಕಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಅರ್ಥಿಂಗ್, ಅಂದರೆ ಭೂಸಂಪರ್ಕ. ಫ್ರಿಜ್ಜಿನ ಹೊರಮೈ ತಗಡು. ಒಳಗೆ ಎಲ್ಲಿಯಾದರೂ ತಂತಿಯ ಹೊದಿಕೆ ಹರಿದರೆ ಅಥವಾ ಇಲಿ ಕಡಿದರೆ ಆ ತಗಡಿಗೆ ವಿದ್ಯುತ್ತು ಹರಿಯುತ್ತದೆ. ಅರ್ಥಿಂಗ್ ಸರಿಯಿದ್ದರೆ ಅದು ನೆಲಕ್ಕೆ ಹೋಗಿ ಫ್ಯೂಸು ಹಾರುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈಯಿಂದಲೇ ಹರಿಯುತ್ತದೆ. ಒದ್ದೆ ಕೈಯಲ್ಲಿ ಬರಿಗಾಲಿನಲ್ಲಿ ಬಾಗಿಲು ತೆಗೆಯುವ ಹೆಂಗಸರು ಮತ್ತು ಮಕ್ಕಳಿಗೆ ಈ ಅಪಾಯ ಹೆಚ್ಚು. ಆದುದರಿಂದ:

- ಮೂರು ಪಿನ್ನಿನ ಪ್ಲಗ್ಗನ್ನೇ ಬಳಸಿ. ಮೂರನೆಯ ಪಿನ್ನು ಕತ್ತರಿಸುವುದಾಗಲಿ, ಆ ತೂತಿಗೆ ನ್ಯೂಟ್ರಲ್ ತಂತಿಯನ್ನೇ ಜೋಡಿಸುವುದಾಗಲಿ ಕೂಡದು.
- ಅರ್ಥ್ ಗುಂಡಿಯ ಮಣ್ಣು ತೇವವಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಜಗಳೂರಿನಂಥ ಒಣ ನೆಲದಲ್ಲಿ ಬೇಸಿಗೆಗೆ ಗುಂಡಿ ಪೂರ್ತಿ ಒಣಗುತ್ತದೆ. ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹಾಕಿ. ವರ್ಷಕ್ಕೊಮ್ಮೆ ಅನುಭವಸ್ಥ ವಿದ್ಯುತ್ ಕೆಲಸಗಾರರಿಂದ ಪರೀಕ್ಷಿಸಿ.
- 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಸುರಕ್ಷಾ ಸ್ವಿಚ್ ದೊರೆಯುತ್ತದೆ. ಮನೆಗೆ ಇದನ್ನು ಹಾಕಿಸುವುದು ಪ್ರಾಣರಕ್ಷಣೆಗೆ ಮಾಡಿದ ಖರ್ಚು.
- ಫ್ರಿಜ್ ಮುಟ್ಟಿದಾಗ ಕೈ ಸ್ವಲ್ಪ ಜುಮ್ಮೆಂದರೂ ಅಲಕ್ಷ್ಯ ಮಾಡದೆ ಮನೆಯ ಮೇನ್ ಸ್ವಿಚ್ ಆರಿಸಿ, ನಂತರ ಪ್ಲಗ್ ಕಿತ್ತು, ರಿಪೇರಿಯಾಗುವವರೆಗೆ ಬಳಸಬೇಡಿ.

ತಾಪಮಾನ

ಒಳಗಿನ ಗುಂಡಿಯ ಮೇಲಿರುವ 1, 2, 3 ಅಂಕಿಗಳು ಡಿಗ್ರಿಗಳಲ್ಲ. ಅಂಕಿ ಹೆಚ್ಚಿದಂತೆ ತಂಪು ಹೆಚ್ಚು. ಒಳಭಾಗ 5 ಡಿಗ್ರಿ ಸೆಲ್ಸಿಯಸ್ ಅಥವಾ ಸ್ವಲ್ಪ ಕಡಿಮೆ ಇರಬೇಕು. ಒಂದು ಲೋಟ ನೀರಿನಲ್ಲಿ ಉಷ್ಣಮಾಪಕವನ್ನು ಮುಳುಗಿಸಿ ನಡುವಿನ ಅಂತಸ್ತಿನಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ನೋಡಿ. ಜ್ವರ ನೋಡುವ ಉಷ್ಣಮಾಪಕ ಇದಕ್ಕೆ ಬಾರದು. ಬೇಸಿಗೆಯಲ್ಲಿ ಗುಂಡಿಯನ್ನು ಒಂದು ಅಂಕಿ ಏರಿಸಿ, ಚಳಿಗಾಲದಲ್ಲಿ ಇಳಿಸಬಹುದು.

ಶುಚಿತ್ವ ಮತ್ತು ಹಿಮ ತೆಗೆಯುವುದು

ಮೇಲಿನ ಪೆಟ್ಟಿಗೆಯಲ್ಲಿ ಕಟ್ಟುವ ಹಿಮ ತಂಪಿನ ಗುರುತೆಂದು ಸಂತೋಷಪಡುವವರಿದ್ದಾರೆ. ನಿಜವಾಗಿ ಹಿಮ ಕಂಬಳಿ ಹೊದಿಸಿದಂತೆ ಶಾಖ ಹಾಯುವುದನ್ನು ತಡೆಯುತ್ತದೆ. ಕಾಲು ಅಂಗುಲ ದಪ್ಪವಾಗುವ ಮೊದಲೇ ಗುಂಡಿ ಒತ್ತಿ ಅಥವಾ ಪ್ಲಗ್ ತೆಗೆದು ಕರಗಿಸಬೇಕು. ಚಾಕು, ಚಮಚೆಗಳಿಂದ ಕೆರೆಯಲೇಬಾರದು. ಹಿಮದ ಕೆಳಗಿನ ತಗಡು ತೆಳುವಾದುದರಿಂದ ಸಣ್ಣ ತೂತಾದರೂ ಅನಿಲ ಸೋರಿ ದೊಡ್ಡ ಖರ್ಚಾಗುತ್ತದೆ. ಈಚಿನ ಅನೇಕ ಫ್ರಿಜ್ಜುಗಳಲ್ಲಿ ಆರ್-600ಎ ಎಂಬ ಹೊತ್ತಿಕೊಳ್ಳುವ ಅನಿಲವಿರುತ್ತದೆ. ಪ್ರಮಾಣ ಅಲ್ಪವಾದರೂ, ತೂತಾಗಿ ಬುಸ್ಸೆಂದರೆ ಬೆಂಕಿ ಹಚ್ಚದೆ, ಅಲ್ಲಿನ ಸ್ವಿಚ್ಚುಗಳನ್ನು ಮುಟ್ಟದೆ, ಬಾಗಿಲು ಕಿಟಕಿ ತೆರೆದು ಹೊರಗೆ ಬರಬೇಕು.

ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಪದಾರ್ಥಗಳನ್ನು ಹೊರಗಿಟ್ಟು, ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಅಡಿಗೆ ಸೋಡಾ ಬೆರೆಸಿ ಒಳಭಾಗ ಒರೆಸಬೇಕು. ವಾಸನೆಯೂ ಹೋಗುತ್ತದೆ. ಸೀಮೆಎಣ್ಣೆ, ಬೂದಿ, ಉಜ್ಜುವ ಪುಡಿಗಳು ಬೇಡ. ಒಳಗಿನ ನೀರು ಹರಿದುಹೋಗುವ ಸಣ್ಣ ತೂತು ಕಟ್ಟಿದ್ದರೆ ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ.

ಆ ನೀರು ಹಿಂದಿನ ತಟ್ಟೆಗೆ ಬಂದು ಬೀಳುತ್ತದೆ. ಆ ತಟ್ಟೆಯನ್ನು ಬಹುಮಂದಿ ನೋಡಿಯೇ ಇರುವುದಿಲ್ಲ. ಡೆಂಗಿ ಹರಡುವ ಸೊಳ್ಳೆ ಮನೆಯೊಳಗಿನ ಇಂಥ ಸ್ವಚ್ಛ ನಿಂತ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ತಪ್ಪದೆ ತಟ್ಟೆ ಬರಿದು ಮಾಡಿ ಉಜ್ಜಿ ಒರೆಸಿರಿ.

ಹಿಂದಿನ ಕೊಳವೆಗಳ ಧೂಳನ್ನು ಪ್ಲಗ್ ತೆಗೆದ ಮೇಲೆ ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಒಕ್ಕಣೆ ಮತ್ತು ಅಡಿಕೆ ಸುಗ್ಗಿಯಲ್ಲಿ ತಿಂಗಳಿಗೊಮ್ಮೆ ಇದನ್ನು ಮಾಡಬೇಕು. ಆಗಲೇ ಇಲಿ ಕಡಿದ ಗುರುತಿದೆಯೇ ಎಂದು ತಂತಿಯನ್ನೂ ನೋಡಿ.

ಬಾಗಿಲಿನ ರಬ್ಬರು

ಬಾಗಿಲಿನ ನಡುವೆ ಒಂದು ನೋಟನ್ನು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ರಬ್ಬರು ಸಡಿಲವಾಗಿದೆ. ನಾಲ್ಕೂ ಕಡೆ ಹೀಗೆ ಪರೀಕ್ಷಿಸಿ. ಕೊಳೆ ಕೂತಿದ್ದರೆ ಸೋಪಿನ ನೀರಿನಲ್ಲಿ ತೊಳೆದು ಒರೆಸಿ. ಸೊಟ್ಟಗಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಒತ್ತಿ ಸರಿಪಡಿಸಬಹುದು. ಹರಿದಿದ್ದರೆ ಬದಲಾಯಿಸಬೇಕು.

ಯಾವುದನ್ನು ಹೇಗೆ ಇಡಬೇಕು

- ಸುಗ್ಗಿಯ ಆಳುಗಳಿಗೆ ಮಾಡಿ ಮಿಕ್ಕ ಬಿಸಿ ಸಾರಿನ ದೊಡ್ಡ ಪಾತ್ರೆಯನ್ನು ಹಾಗೆಯೇ ಫ್ರಿಜ್ಜಿಗೆ ಸೇರಿಸಬೇಡಿ. ಅದರ ಶಾಖ ಪಕ್ಕದ ಹಾಲನ್ನೂ ಬೆಚ್ಚಗೆ ಮಾಡುತ್ತದೆ. ಪಾತ್ರೆಯ ನಡುಭಾಗ ತಣ್ಣಗಾಗಲು ಬಹಳ ಹೊತ್ತು ಬೇಕು. ಸಣ್ಣ, ಅಗಲವಾದ ಪಾತ್ರೆಗಳಿಗೆ ಹಂಚಿ, ತಣ್ಣೀರಿನ ತಟ್ಟೆಯಲ್ಲಿಟ್ಟು ಆರಿಸಿ, 2 ಗಂಟೆಯೊಳಗೆ ಮುಚ್ಚಿ ಒಳಗಿಡಿ.
- ಅನ್ನದ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಬೇಯಿಸಿದರೂ ಸಾಯದ ಒಂದು ಬಗೆಯ ರೋಗಾಣುವಿನ ಬೀಜಕಗಳು ಅಕ್ಕಿಯಲ್ಲಿರುತ್ತವೆ. ಅನ್ನ ರಾತ್ರಿಯಿಡೀ ಹೊರಗಿದ್ದರೆ ಅವು ಬೆಳೆದು ವಿಷ ಉತ್ಪತ್ತಿ ಮಾಡಬಹುದು. ಬೆಳಿಗ್ಗೆ ಚಿತ್ರಾನ್ನ ಮಾಡಿ ಬಿಸಿ ಮಾಡಿದರೂ ಆ ವಿಷ ಹೋಗದು. ಮಿಕ್ಕ ಅನ್ನವನ್ನು ರಾತ್ರಿಯೇ ಬೇಗ ಆರಿಸಿ ಒಳಗಿಡಿ, ಮರುದಿನವೇ ಮುಗಿಸಿ.
- ಹಾಲನ್ನು ಕಾಸಿ, ಆರಿಸಿ, ಮುಚ್ಚಿ ಒಳಭಾಗದಲ್ಲಿಡಿ. ಬಾಗಿಲಿನ ಅಂತಸ್ತು ಎಲ್ಲಕ್ಕಿಂತ ಬೆಚ್ಚಗಿನ ಜಾಗ. ಅಲ್ಲಿ ಉಪ್ಪಿನಕಾಯಿ, ನೀರಿನ ಬಾಟಲಿಗಳು ಸಾಕು.
- ಹಸಿ ಮಾಂಸ, ಮೀನುಗಳನ್ನು ಮುಚ್ಚಿದ ಡಬ್ಬಿಯಲ್ಲಿ ಹಿಮದ ಪೆಟ್ಟಿಗೆಯಲ್ಲಿಡಿ. ಕೆಳಗಿಡುವುದಾದರೆ ಅವುಗಳ ನೀರು ಬೇರೆ ಪದಾರ್ಥದ ಮೇಲೆ ತೊಟ್ಟಿಕ್ಕದಂತೆ ನೋಡಿಕೊಳ್ಳಿ.
- ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬಾಳೆಹಣ್ಣು, ತುಪ್ಪ, ಶೇಂಗಾ ಚಟ್ನಿ ಪುಡಿ, ಮಂಡಕ್ಕಿಗಳಿಗೆ ಫ್ರಿಜ್ ಬೇಕಿಲ್ಲ.
- ಕೀಟನಾಶಕದ ಬಾಟಲಿಯನ್ನು ಎಷ್ಟೇ ಭದ್ರವಾಗಿ ಸುತ್ತಿದ್ದರೂ ಆಹಾರದ ಫ್ರಿಜ್ಜಿನಲ್ಲಿ ಇಡಕೂಡದು.

ಇನ್ಸುಲಿನ್ ಮತ್ತು ಲಸಿಕೆ

ಬಳಸದೆ ಇಟ್ಟ ಇನ್ಸುಲಿನ್, ಕಾಲುಬಾಯಿ ಜ್ವರದ ಲಸಿಕೆ ಮುಂತಾದುವು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಇವು ಹೆಪ್ಪುಗಟ್ಟಿದರೆ ಕೆಟ್ಟಂತೆಯೇ; ಕರಗಿದ ಮೇಲೆ ನೋಡಲು ಮೊದಲಿನಂತೆ ಕಂಡರೂ ಬಳಸಬಾರದು. ಆದುದರಿಂದ ಹಿಮದ ಪೆಟ್ಟಿಗೆಯಲ್ಲಾಗಲಿ, ಅದಕ್ಕೆ ತಾಗಿಸಿಯಾಗಲಿ, ಬಾಗಿಲಿನಲ್ಲಾಗಲಿ ಇಡದೆ, ಮುಚ್ಚಳದ ಡಬ್ಬಿಯಲ್ಲಿ ಹೆಸರು ಬರೆದು ನಡುವಿನ ಅಂತಸ್ತಿನಲ್ಲಿಡಿ. ಲಸಿಕೆಯನ್ನು ಮನೆಯಲ್ಲಿ ದಿನಗಟ್ಟಲೆ ಇಟ್ಟುಕೊಳ್ಳುವುದಕ್ಕಿಂತ ಪಶು ಆಸ್ಪತ್ರೆಯಿಂದ ಹಾಕುವ ದಿನವೇ ಮಂಜುಗಡ್ಡೆಯ ಡಬ್ಬಿಯಲ್ಲಿ ತರುವುದು ಉತ್ತಮ.

ಕರೆಂಟು ದೀರ್ಘಕಾಲ ಹೋದಾಗ ಇನ್ಸುಲಿನ್ನಿಗೆ ಮಣ್ಣಿನ ಮಡಕೆ ನೆರವಾಗುತ್ತದೆ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯಿಟ್ಟು, ನಡುವೆ ಮರಳು ತುಂಬಿ ನೀರು ಹಾಕಿ, ಚಿಕ್ಕ ಮಡಕೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಶೀಸೆಯಿಡಿ; ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿ ಗಾಳಿಗಿಡಿ. ಇದು ಫ್ರಿಜ್ಜಿಗೆ ಸಮನಲ್ಲ. ಆದರೆ ಜಗಳೂರಿನ ಒಣ ಬೇಸಿಗೆಯಲ್ಲಿ ಹೊರಗಿನ ಬಿಸಿಯಿಂದ ಚೆನ್ನಾಗಿ ಕಾಪಾಡುತ್ತದೆ. ಹೊನ್ನಾಳಿಯ ಮಳೆಗಾಲದ ತೇವದ ಗಾಳಿಯಲ್ಲಿ ನೀರು ಆರದ ಕಾರಣ ಇದರ ಪ್ರಯೋಜನ ಕಡಿಮೆ.

ಕರೆಂಟು ಹೋದಾಗ ಮತ್ತು ನೆರೆ ಬಂದಾಗ

ಬಾಗಿಲು ತೆರೆಯದಿದ್ದರೆ ಒಳಗಿನ ತಂಪು ಸುಮಾರು 4 ಗಂಟೆ ಉಳಿಯುತ್ತದೆ. ಮಾರ್ಚಿಯಿಂದ ಮೇವರೆಗಿನ ಬಿಸಿಲಿನಲ್ಲಿ ಅಷ್ಟೂ ನಿಲ್ಲದಿರಬಹುದು. ಹಿಮದ ಪೆಟ್ಟಿಗೆಯಲ್ಲಿ ಒಂದೆರಡು ನೀರಿನ ಬಾಟಲಿಗಳನ್ನು ಮುಕ್ಕಾಲು ಭಾಗ ತುಂಬಿ ಹೆಪ್ಪುಗಟ್ಟಿಸಿಟ್ಟರೆ ಆ ಹೊತ್ತಿಗೆ ಒದಗುತ್ತವೆ. ಮಾಂಸದಲ್ಲಿ ಇನ್ನೂ ಮಂಜಿನ ಹರಳುಗಳಿದ್ದರೆ ಮತ್ತೆ ಹೆಪ್ಪುಗಟ್ಟಿಸಬಹುದು. ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಬಳಸಬಾರದು. ಮೂಸಿ ನೋಡಿ ನಿರ್ಧರಿಸಬೇಡಿ. ರೋಗ ತರುವ ಎಲ್ಲ ಅಣುಜೀವಿಗಳೂ ವಾಸನೆ ಕೊಡುವುದಿಲ್ಲ.

ತುಂಗಭದ್ರೆ ತುಂಬಿ ಹರಿದಾಗ ಹೊನ್ನಾಳಿಯ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗುವುದುಂಟು. ನೀರು ಏರುವ ಸೂಚನೆ ಕಂಡೊಡನೆ ಮೇನ್ ಸ್ವಿಚ್ ಆರಿಸಿ, ಪ್ಲಗ್ ತೆಗೆಯಿರಿ. ಮುಳುಗಿದ ಫ್ರಿಜ್ಜನ್ನು ಒರೆಸಿ ಒಣಗಿತೆಂದು ನೀವೇ ಚಾಲೂ ಮಾಡದೆ ಕೆಲಸಗಾರರಿಗೆ ತೋರಿಸಿ. ನೆರೆ ನೀರು ತಾಗಿದ ಆಹಾರವನ್ನು ಎಸೆಯಬೇಕು.

ಸಾಮಾನ್ಯ ದೋಷಗಳು

1. ಯಂತ್ರ ನಿಲ್ಲದೆ ಓಡುತ್ತದೆ: ಕೊಳವೆಗೆ ಧೂಳು, ಸಡಿಲ ರಬ್ಬರು, ದಪ್ಪ ಹಿಮ ಅಥವಾ ಒಳಗೆ ಬಿಸಿ ಪದಾರ್ಥ. ಮೊದಲು ಇವನ್ನು ನೀವೇ ಸರಿಪಡಿಸಿ.
2. ಟಕ್ ಎಂದು ಚಾಲೂ ಆಗಿ ತಕ್ಷಣ ನಿಲ್ಲುತ್ತದೆ: ಕಡಿಮೆ ವೋಲ್ಟೇಜ್ ಅಥವಾ ರಿಲೇ ದೋಷ. ಸ್ವಿಚ್ ಆರಿಸಿ ಪರೀಕ್ಷಿಸಿ.
3. ಒಳಗೆ ನೀರು ನಿಲ್ಲುತ್ತದೆ: ನೀರಿನ ತೂತು ಕಟ್ಟಿದೆ.
4. ಬೇಗ ಹಿಮ ಕಟ್ಟುತ್ತದೆ: ಪಾತ್ರೆಗಳಿಗೆ ಮುಚ್ಚಳವಿಲ್ಲ, ಅಥವಾ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ.
5. ಕಂಪ್ರೆಸರ್ ಓಡಿದರೂ ತಂಪಿಲ್ಲ: ಅನಿಲ ಸೋರಿರಬಹುದು. ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕೆಂಬ ಮಾತು ಸರಿಯಲ್ಲ. ಮುಚ್ಚಿದ ಕೊಳವೆಯ ಅನಿಲ ತಾನಾಗಿ ಖರ್ಚಾಗುವುದಿಲ್ಲ. ಸೋರುವ ಜಾಗ ಹುಡುಕಿ ಬೆಸೆಯದೆ ಬರೀ ಗ್ಯಾಸ್ ತುಂಬಿಸಿದರೆ ಹಣ ದಂಡ. ತುಂಬುವ ಅನಿಲ ಕಂಪ್ರೆಸರಿನ ಚೀಟಿಯಲ್ಲಿರುವುದೇ ಆಗಿರಬೇಕು.

ವಿದ್ಯುತ್ತಿನ ಲೆಕ್ಕ

ಫ್ರಿಜ್ಜಿಗೆ ಅಂಟಿಸಿರುವ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಉದಾಹರಣೆಗೆ 180 ಯೂನಿಟ್ ಎಂದಿದ್ದರೆ ತಿಂಗಳಿಗೆ 15. ಒಂದು ರಾತ್ರಿ ಉಳಿದ ದೀಪ, ಫ್ಯಾನುಗಳನ್ನು ಆರಿಸಿ, ಮಲಗುವಾಗ ಮತ್ತು ಏಳುವಾಗ ಮೀಟರ್ ಓದಿದರೆ ನಿಮ್ಮ ಫ್ರಿಜ್ ನಿಜವಾಗಿ ಎಷ್ಟು ಎಳೆಯುತ್ತಿದೆ ಎಂದು ಅಂದಾಜು ಸಿಗುತ್ತದೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಆರಂಭವಾದಾಗ, 2022-23ರ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ, 200 ಯೂನಿಟ್ಟಿನ ಗರಿಷ್ಠ ಮಿತಿಯೊಳಗೆ, ಪ್ರತಿ ಮನೆಯ ಉಚಿತ ಪ್ರಮಾಣವನ್ನು ನಿಗದಿ ಮಾಡಲಾಯಿತು. ಇಂಥ ಮಿತಿಯ ಅಂಚಿನಲ್ಲಿರುವ ಮನೆಗೆ ಧೂಳು ಹಿಡಿದ ಫ್ರಿಜ್ ಬಿಲ್ಲು ತರಬಲ್ಲುದು.

ಹಳೆಯ ಫ್ರಿಜ್

ಕೆಟ್ಟ ಫ್ರಿಜ್ಜನ್ನು ಕೊಟ್ಟಿಗೆಯಲ್ಲಿಯೋ ಹಿತ್ತಲಿನಲ್ಲಿಯೋ ಹಾಗೆಯೇ ಬಿಡಬಾರದು. ಆಟವಾಡುವ ಮಗು ಒಳಹೊಕ್ಕು ಬಾಗಿಲು ಮುಚ್ಚಿಕೊಂಡರೆ ಉಸಿರು ಕಟ್ಟುತ್ತದೆ, ಕೂಗೂ ಹೊರಗೆ ಕೇಳದು. ಮೊದಲು ಬಾಗಿಲು ಬಿಚ್ಚಿಡಿ. ಬಹಳ ಹಳೆಯ ಫ್ರಿಜ್ಜುಗಳಲ್ಲಿ ಓಜೋನ್ ಪದರಕ್ಕೆ ಹಾನಿ ಮಾಡುವ ಸಿಎಫ್‌ಸಿ ಅನಿಲವಿದೆ. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಇದರ ಬಳಕೆಯನ್ನು ಕೈಬಿಡಲಾಯಿತು. ಕೊಳವೆ ಕತ್ತರಿಸಿ ಅನಿಲವನ್ನು ಗಾಳಿಗೆ ಬಿಡದೆ ಅಧಿಕೃತ ಸಂಗ್ರಹಣಕಾರರಿಗೆ ಒಪ್ಪಿಸಿ.

ನೆನಪಿಗೆ

ವಾರಕ್ಕೊಮ್ಮೆ: ಹಿಂದಿನ ತಟ್ಟೆ ಬರಿದು ಮಾಡುವುದು, ಹಳೆಯ ಪದಾರ್ಥ ತೆಗೆಯುವುದು, ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು.
ತಿಂಗಳಿಗೊಮ್ಮೆ: ಒಳಭಾಗ ತೊಳೆಯುವುದು, ಹಿಮ ಮತ್ತು ರಬ್ಬರು ನೋಡುವುದು.
ಮೂರು ತಿಂಗಳಿಗೊಮ್ಮೆ: ಕೊಳವೆಗಳ ಧೂಳು ತೆಗೆಯುವುದು, ತಂತಿ ಮತ್ತು ಪ್ಲಗ್ ನೋಡುವುದು.
ವರ್ಷಕ್ಕೊಮ್ಮೆ: ಬೇಸಿಗೆಗೆ ಮೊದಲು ಅರ್ಥಿಂಗ್ ಪರೀಕ್ಷೆ.

ಇವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಡ. ತಿಂಗಳಿಗೆ ಒಂದೆರಡು ಗಂಟೆಯ ಬಿಡುವು ಸಾಕು. ಮನೆಯ ಹೆಣ್ಣುಮಕ್ಕಳೊಬ್ಬರ ಮೇಲೆಯೇ ಈ ಕೆಲಸ ಹೊರಿಸದೆ ಎಲ್ಲರೂ ಕೈಹಾಕಬೇಕು. ರೈತ ಬಾಂಧವರು ಈ ಅಮಾವಾಸ್ಯೆಯ ಬಿಡುವಿನಲ್ಲಿ ಎತ್ತು, ಗಾಡಿ, ಟ್ರ್ಯಾಕ್ಟರುಗಳನ್ನು ತೊಳೆಯುವಾಗ ಫ್ರಿಜ್ಜಿನ ಪ್ಲಗ್ ತೆಗೆದು ಅದರ ಹಿಂಭಾಗವನ್ನೂ ಒಮ್ಮೆ ನೋಡುವರೆಂದು ಆಶಿಸುತ್ತೇವೆ.